ಕೆಲಸ ಹೋದ ತಿಂಗಳು ಬಂದ ಇನ್ಶೂರೆನ್ಸ್ ಕಾಗದ: ಬ್ರಿಟನ್ನಿನ ಒಂದು ಪ್ರಕರಣ

ಮಾರ್ಚ್ ಮೊದಲ ವಾರದ ಒಂದು ರಾತ್ರಿ ಗೆಳೆಯ ಫೋನ್ ಮಾಡಿದ. ಕಾರ್ ಇನ್ಶೂರೆನ್ಸ್ ನವೀಕರಣದ ಕಾಗದ ಬಂದಿದೆ ಎಂದ. "ಕೆಲಸ ಅನ್ನೋ ಕಡೆ ಇನ್ನೂ ಸಾಫ್ಟ್‌ವೇರ್ ಇಂಜಿನಿಯರ್ ಅಂತಲೇ ಇದೆ. ಹಾಗೇ ಬಿಡ್ಲಾ? ಒಂದೆರಡು ತಿಂಗಳಲ್ಲಿ ಹೊಸ ಕೆಲಸ ಸಿಕ್ಕೇ ಸಿಗುತ್ತಲ್ಲ."

ಡಿಸೆಂಬರಿನಲ್ಲಿ ಕಂಪನಿ ಅವನ ಇಡೀ ತಂಡವನ್ನೇ ತೆಗೆದಿತ್ತು. ಫೆಬ್ರವರಿ ಕೊನೆಗೆ ನೋಟಿಸ್ ಅವಧಿ ಮುಗಿಯಿತು. ಪಾಲಿಸಿ ಮುಗಿಯುವುದು ಮಾರ್ಚ್ 28ಕ್ಕೆ. ಕಾಗದದಲ್ಲಿ ಕೇಳಿದ್ದ ಮೊತ್ತ 560 ಪೌಂಡ್. ಹಿಂದಿನ ವರ್ಷ 540 ಕಟ್ಟಿದ್ದ. ಸುಮ್ಮನಿದ್ದರೆ ಬ್ಯಾಂಕಿನಿಂದ ಹಣ ತಾನಾಗಿ ಹೋಗುತ್ತದೆ, ಪಾಲಿಸಿ ತಾನಾಗಿ ಮುಂದುವರಿಯುತ್ತದೆ. ಏನೂ ಮಾಡದೆ ಇರುವುದೇ ಎಲ್ಲಕ್ಕಿಂತ ಸುಲಭದ ದಾರಿ. ಅವನ ಮಟ್ಟಿಗೆ ಅದೇ ದೊಡ್ಡ ಅಪಾಯವೂ ಆಗಿತ್ತು.

ನಾನು ಕೆಲವು ವರ್ಷ ಇಲ್ಲಿನ ವಿಮಾ ಕಂಪನಿಯೊಂದರಲ್ಲಿ ಬೆಲೆ ಕಟ್ಟುವ ವಿಭಾಗದಲ್ಲಿದ್ದೆ. ಅದಕ್ಕೇ ಅವನು ನನ್ನನ್ನು ಕೇಳಿದ್ದು. ಆ ತಿಂಗಳು ನಾವಿಬ್ಬರೂ ಕೂತು ಮಾಡಿದ ಲೆಕ್ಕ, ಹೊಕ್ಕ ದಾರಿ, ಬಿಟ್ಟ ದಾರಿ ಎಲ್ಲವನ್ನೂ ಅವನ ಮತ್ತು ಅವನ ಹೆಂಡತಿಯ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ. ಪೌಂಡಿನ ಅಂಕಿಗಳು ಹೆಚ್ಚುಕಮ್ಮಿ ಐದಕ್ಕೆ ಸರಿಮಾಡಿದವು.

ಮನೆಯ ಸಂಗತಿ ಇಷ್ಟು. ಇರುವುದು ರೆಡಿಂಗ್ ಪಟ್ಟಣದಲ್ಲಿ. ಗಂಡ, ಹೆಂಡತಿ, ಇಬ್ಬರು ಶಾಲೆಗೆ ಹೋಗುವ ಮಕ್ಕಳು. ವೀಸಾದ ತಲೆನೋವಿಲ್ಲ, ಶಾಶ್ವತವಾಗಿ ನೆಲೆಸುವ ಅನುಮತಿ ಮೊದಲೇ ಸಿಕ್ಕಿತ್ತು. ಒಂದೇ ಕಾರು, ಪೆಟ್ರೋಲಿನದು, ಬೆಲೆ ಸುಮಾರು 9,000 ಪೌಂಡ್. ಪಾಲಿಸಿ ಗೆಳೆಯನ ಹೆಸರಲ್ಲಿ. ಒಂಬತ್ತು ವರ್ಷದ ನೋ ಕ್ಲೇಮ್ ಬೋನಸ್ ಇದೆ, ಅಂದರೆ ಕ್ಲೇಮ್ ಮಾಡದೆ ಕಳೆದ ವರ್ಷಗಳಿಗೆ ಸಿಗುವ ರಿಯಾಯಿತಿ. ಸಂಚಾರ ನಿಯಮ ಮುರಿದರೆ ಲೈಸೆನ್ಸಿನಲ್ಲಿ ಬೀಳುವ ದಂಡದ ಅಂಕ ಒಂದೂ ಇಲ್ಲ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಪಾಲಿಸಿಯಲ್ಲಿ ಎರಡನೇ ಚಾಲಕಿ. ಕೆಲಸವಿದ್ದಾಗ ಅವನು ವಾರಕ್ಕೆ ಐದು ದಿನ ಕಾರಿನಲ್ಲೇ ಆಫೀಸಿಗೆ ಹೋಗುತ್ತಿದ್ದ. ವರ್ಷಕ್ಕೆ 11,000 ಮೈಲಿ ಎಂದು ಬರೆಸಿದ್ದ.

ಒಂದು ಚಿಕ್ಕ ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇದರಲ್ಲಿ ತುಂಬಾ ಜನ ಎಡವುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಕಂಪನಿ ಅವನಿಗೆ "ಆಫೀಸಿಗೆ ಬರಬೇಡಿ, ಸಂಬಳ ಬರುತ್ತದೆ" ಎಂದಿತ್ತು. ಆ ಎರಡು ತಿಂಗಳು ಅವನು ಮನೆಯಲ್ಲೇ ಇದ್ದ. ಆದರೂ ಕೊನೇ ದಿನ ಮುಗಿಯುವವರೆಗೆ ಅವನು ನೌಕರನೇ. ನವೀಕರಣದ ದಿನ ಫೆಬ್ರವರಿಯಲ್ಲಿ ಬಂದಿದ್ದರೆ "ನೌಕರ" ಎಂದು ಬರೆದರೂ ಅದು ಸುಳ್ಳಾಗುತ್ತಿರಲಿಲ್ಲ. ಮಾರ್ಚ್ 28ಕ್ಕೆ ಆ ಮಾತು ನಿಜವಾಗಿ ಉಳಿದಿರಲಿಲ್ಲ.

ಆ ಒಂದು ಪದಕ್ಕೆ 115 ಪೌಂಡ್

ಮೊದಲು ಅವನೊಬ್ಬನೇ ಒಂದು ಪ್ರಯತ್ನ ಮಾಡಿದ್ದ. ಅದೇ ಕಂಪನಿಗೆ ಎಲ್ಲ ವಿವರವನ್ನೂ ಹಾಗೇ ಇಟ್ಟು, ಕೆಲಸದ ಕಡೆ ಮಾತ್ರ "ನಿರುದ್ಯೋಗಿ" ಎಂದು ಬದಲಿಸಿ ಬೆಲೆ ಕೇಳಿದ್ದ. 675 ಪೌಂಡ್ ಬಂತು. "ಸಂಬಳ ನಿಂತ ತಿಂಗಳೇ 115 ಪೌಂಡ್ ಜಾಸ್ತಿ ಕೇಳ್ತಾರಲ್ಲ, ನಾನೇನು ರಾತ್ರೋರಾತ್ರಿ ಕೆಟ್ಟ ಡ್ರೈವರ್ ಆಗಿಬಿಟ್ನಾ?" ಎಂದು ಕೇಳಿದ. ಅವನಿಗೆ ನಿಜಕ್ಕೂ ನೋವಾಗಿತ್ತು. ನನ್ನ ಪ್ರಕಾರ ಅದು ನ್ಯಾಯವಾದ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ.

ಕಾರ್ ಇನ್ಶೂರೆನ್ಸ್ ಬೆಲೆ ಕೂಡುತ್ತಾ ಹೋಗಿ ಬರುವುದಲ್ಲ, ಗುಣಿಸುತ್ತಾ ಹೋಗಿ ಬರುವುದು. 1972ರಲ್ಲಿ ಜಾನ್ ನೆಲ್ಡರ್ ಮತ್ತು ರಾಬರ್ಟ್ ವೆಡರ್‌ಬರ್ನ್ ಎಂಬ ಇಬ್ಬರು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞರು ಜನರಲೈಸ್ಡ್ ಲೀನಿಯರ್ ಮಾಡೆಲ್ ಎಂಬ ಲೆಕ್ಕದ ವಿಧಾನ ಮುಂದಿಟ್ಟರು. ವಾಹನ ವಿಮೆಯ ಬೆಲೆ ಕಟ್ಟುವ ಕೆಲಸ ಆಮೇಲೆ ಬಹುಪಾಲು ಅದರ ಮೇಲೆಯೇ ನಿಂತಿತು. ವಯಸ್ಸಿಗೆ ಒಂದು ಗುಣಕ, ಪೋಸ್ಟ್‌ಕೋಡ್‌ಗೆ ಒಂದು, ಕಾರಿನ ಮಾದರಿಗೆ ಒಂದು, ಮೈಲಿಗೆ ಒಂದು, ಕೆಲಸಕ್ಕೆ ಒಂದು. ಲೆಕ್ಕ ತಿಳಿಯಲು ನಾನೇ ಆರಿಸಿದ ಅಂಕಿ ನೋಡಿ. ಮೂಲ ಬೆಲೆ 400. ಊರಿಗೆ 1.10, ಕಾರಿಗೆ 0.95, ಕೆಲಸಕ್ಕೆ 1.20. ಗುಣಿಸಿದರೆ ಸುಮಾರು 502. ಕೆಲಸದ ಗುಣಕ 1 ಆಗಿದ್ದರೆ 418.

ಗುಣಿಸುವ ಲೆಕ್ಕವಾದ್ದರಿಂದ ಒಂದೇ ಪದ ಎಲ್ಲರಿಗೂ ಒಂದೇ ಬೆಲೆಗೆ ಬೀಳುವುದಿಲ್ಲ. 1.20ರ ಗುಣಕ 500 ಪೌಂಡ್ ಕಟ್ಟುವವರಿಗೆ 100 ಪೌಂಡ್ ಭಾರ. 1,800 ಕಟ್ಟುವ ಇಪ್ಪತ್ತರ ಹುಡುಗನಿಗೆ ಅದೇ ಪದ 360 ಪೌಂಡ್. ಮೊದಲೇ ಜಾಸ್ತಿ ಕಟ್ಟುವವರ ಮೇಲೆ ಅದು ಇನ್ನೂ ಜಾಸ್ತಿ ಬೀಳುತ್ತದೆ. ಕೆಲಸ ಸಿಗದೆ ಒದ್ದಾಡುವ ಚಿಕ್ಕ ವಯಸ್ಸಿನವರನ್ನು ನೆನೆದಾಗ ನನಗೆ ಸಂಕಟವಾಗುವುದು ಇಲ್ಲಿಯೇ. ಬ್ರಿಟನ್ನಿನಲ್ಲಿ ವಾಹನ ವಿಮೆಯ ಪ್ರೀಮಿಯಂ ಮೇಲೆ 12 ಶೇಕಡಾ ತೆರಿಗೆಯೂ ಇದೆ. 2017ರ ಜೂನ್‌ನಿಂದ ಇದೇ ದರ. ಅಂದರೆ ಗೆಳೆಯನಿಗೆ ಹೆಚ್ಚಾದ 115 ಪೌಂಡಿನಲ್ಲಿ ಸುಮಾರು 12 ಪೌಂಡ್ ಬರೀ ತೆರಿಗೆ.

ಇನ್ನು ಆ ಗುಣಕ ಎಲ್ಲಿಂದ ಬರುತ್ತದೆ? ಕಂಪನಿಯ ಬಳಿ ಹಳೆಯ ಕ್ಲೇಮ್‌ಗಳ ದೊಡ್ಡ ರಾಶಿ ಇರುತ್ತದೆ. ಅದರಲ್ಲಿ "ನಿರುದ್ಯೋಗಿ" ಎಂದು ಬರೆದವರ ಗುಂಪಿಗೆ ಆದ ಖರ್ಚು ಬೇರೆಯವರಿಗಿಂತ ಜಾಸ್ತಿ ಕಂಡರೆ ಗುಣಕ ಏರುತ್ತದೆ. ಏಕೆ ಜಾಸ್ತಿ ಎಂದು ಮಾಡೆಲ್ ಕೇಳುವುದಿಲ್ಲ. ದಿನವಿಡೀ ಹೊತ್ತು ಗೊತ್ತಿಲ್ಲದೆ ಓಡಾಟ ಇರಬಹುದು. ಕೈಯಲ್ಲಿ ಕಾಸಿಲ್ಲದಾಗ ಚಿಕ್ಕ ಗೀಚು ಬಿದ್ದರೂ ಸ್ವಂತ ಖರ್ಚಿನಲ್ಲಿ ಸರಿಮಾಡಿಸುವ ಬದಲು ಕ್ಲೇಮ್ ಮಾಡಬೇಕಾಗಬಹುದು. ಟೈರು, ಬ್ರೇಕು ಬದಲಿಸುವುದು ಮುಂದಕ್ಕೆ ಹೋಗಬಹುದು. ಕಂತು ನಿಂತು ಪಾಲಿಸಿ ಮಧ್ಯದಲ್ಲೇ ರದ್ದಾಗಬಹುದು. ಇವೆಲ್ಲ ಊಹೆಗೆ ನಿಲುಕುವ ಕಾರಣಗಳು. ಗುಂಪಿನ ಸರಾಸರಿಯಲ್ಲಿ ಇವು ಇರಬಹುದು, ಗೆಳೆಯನ ಜೀವನದಲ್ಲಿ ಒಂದೂ ಇಲ್ಲದಿರಬಹುದು. ಬೆಲೆ ಮಾತ್ರ ಗುಂಪಿನದೇ.

ಒಳಗೆ ಕೂತು ನೋಡಿದವಳಾಗಿ ನನಗೆ ಗಟ್ಟಿಯಾಗಿ ಅನ್ನಿಸಿದ್ದೊಂದಿದೆ. ಕೆಲಸ ಎಂಬ ಕಾಲಂ ಮನುಷ್ಯನನ್ನು ಅಳೆಯಲು ಹುಟ್ಟಿದ್ದಲ್ಲ. ಕಾರಿನ ದಿನಚರಿಯನ್ನು ಊಹಿಸಲು ಹುಟ್ಟಿದ್ದು. ಯಾವ ಹೊತ್ತಲ್ಲಿ ಕಾರು ರಸ್ತೆ ಮೇಲಿರುತ್ತದೆ, ಎಷ್ಟು ದೂರ ಹೋಗುತ್ತದೆ, ಒಳಗೆ ಯಾರು ಯಾರು ಕೂರುತ್ತಾರೆ, ರಾತ್ರಿ ಎಲ್ಲಿ ನಿಲ್ಲುತ್ತದೆ. ಇದನ್ನೆಲ್ಲ ನೇರವಾಗಿ ಕೇಳಿ ಪೂರ್ತಿ ತಿಳಿಯಲು ಆಗದ್ದರಿಂದ ಕೆಲಸವನ್ನೂ ಕೇಳುತ್ತಾರೆ. ಹಾಗಾದರೆ ಕೆಲಸ ಬದಲಾದಾಗ ನಾವು ಬರೀ ಆ ಒಂದು ಪದವನ್ನು ಬದಲಿಸಿ ಸುಮ್ನೆ ಕೂತರೆ ಅರ್ಧ ಸತ್ಯ ಮಾತ್ರ ಹೇಳಿದಂತೆ. ಗೆಳೆಯ ಮಾಡಿದ್ದು ಇದನ್ನೇ. ದುಬಾರಿ ಮಾಡುವ ಸಂಗತಿ ಹೇಳಿದ, ಅಗ್ಗ ಮಾಡುವ ಸಂಗತಿಗಳನ್ನು ಹಳೆಯದರಂತೆಯೇ ಬಿಟ್ಟ.

"ಕಾರು ಈಗ ಏನು ಮಾಡ್ತಿದೆ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದ. ಕಾರು ಈಗ ಬಹುಪಾಲು ಹೆಂಡತಿಯ ಬಳಿಯೇ ಇದೆ. ಮೊದಲು ಅವಳು ಬಸ್ಸಿಗೆ ಹೋಗುತ್ತಿದ್ದಳು, ಈಗ ಶಿಫ್ಟಿಗೆ ಕಾರು ತೆಗೆದುಕೊಂಡು ಹೋಗುತ್ತಾಳೆ. ಆಸ್ಪತ್ರೆ ಹತ್ತಿರ. ಮಕ್ಕಳನ್ನು ಅವನು ನಡೆಸಿಕೊಂಡೇ ಶಾಲೆಗೆ ಬಿಡುತ್ತಾನೆ. ಅವನು ಕಾರು ಮುಟ್ಟುವುದು ವಾರಾಂತ್ಯಕ್ಕೆ. ಮೈಲಿ ಲೆಕ್ಕ ಹಾಕಿದರೆ ವರ್ಷಕ್ಕೆ 7,000 ದಾಟುವುದಿಲ್ಲ.

ಮೂರು ಪ್ರಲೋಭನೆ

ಈ ಹೊಸ ದಿನಚರಿಯನ್ನು ಕಂಪನಿಗೆ ಹೇಳಿದ ಕಥೆಗೆ ಮುಂಚೆ ಅವನ ಮುಂದಿದ್ದ ಬೇರೆ ದಾರಿಗಳ ಬಗ್ಗೆ ಹೇಳಬೇಕು. ಕಷ್ಟದಲ್ಲಿರುವ ಯಾರಿಗಾದರೂ ಇವು ಹೊಳೆಯುತ್ತವೆ.

ಒಂದು, ಸುಮ್ಮನಿದ್ದುಬಿಡುವುದು. ನಾನು ಸುಳ್ಳು ಹೇಳಿಲ್ಲ, ಅವರು ಕಳಿಸಿದ ಕಾಗದಕ್ಕೆ ಉತ್ತರಿಸಿಲ್ಲ ಅಷ್ಟೇ ಎಂಬ ಸಮಾಧಾನ. ಬ್ರಿಟನ್ನಿನ ಕಾನೂನು ಈ ಸಮಾಧಾನವನ್ನು ಒಪ್ಪುವುದಿಲ್ಲ. 2012ರ ಗ್ರಾಹಕ ವಿಮಾ ಕಾಯ್ದೆ 2013ರ ಏಪ್ರಿಲ್ 6ರಿಂದ ಜಾರಿಯಲ್ಲಿದೆ. ಅದಕ್ಕೂ ಮುಂಚೆ 1906ರ ಸಾಗರ ವಿಮಾ ಕಾಯ್ದೆಯ ತತ್ವವೇ ಎಲ್ಲಕ್ಕೂ ಅನ್ವಯಿಸುತ್ತಿತ್ತು. ಕಂಪನಿ ಕೇಳದಿದ್ದರೂ ಬೆಲೆಗೆ ಮುಖ್ಯವಾದದ್ದನ್ನೆಲ್ಲ ನಾವೇ ನೆನೆಸಿಕೊಂಡು ಹೇಳಬೇಕಿತ್ತು. ಹೊಸ ಕಾಯ್ದೆ ಆ ಭಾರ ಇಳಿಸಿತು. ಈಗ ಕಂಪನಿ ಕೇಳಬೇಕು, ಗ್ರಾಹಕರು ಸಾಕಷ್ಟು ಎಚ್ಚರದಿಂದ ನಿಜ ಉತ್ತರ ಕೊಡಬೇಕು. ಪ್ರಶ್ನೆ ಎಷ್ಟು ಸ್ಪಷ್ಟವಾಗಿತ್ತು ಎಂಬುದನ್ನೂ ನೋಡುತ್ತಾರೆ. ಗ್ರಾಹಕರಿಗೆ ಇದು ದೊಡ್ಡ ಉಪಕಾರ. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಹಿಂದೆ ಕೊಟ್ಟ ವಿವರ ಸರಿಯಿದೆಯೇ ನೋಡಿ, ಬದಲಾಗಿದ್ದರೆ ತಿಳಿಸಿ ಎಂದು ಕಂಪನಿ ಕೇಳಿದಾಗ ತಿಳಿಸದೆ ಇದ್ದರೆ, ಆ ಮೌನವೂ ತಪ್ಪು ಹೇಳಿಕೆ ಎನ್ನಿಸಿಕೊಳ್ಳಬಹುದು. ಗೆಳೆಯನ ಕಾಗದದ ಎರಡನೇ ಪುಟದಲ್ಲಿ ಆ ಸಾಲು ಇತ್ತು. ನಾವು ಇಬ್ಬರೂ ಓದಿದೆವು.

ಎರಡು, ಕೆಲಸದ ಬಗೆಗಳ ಪಟ್ಟಿಯಲ್ಲಿ ಅಗ್ಗದ ಪದ ಹುಡುಕುವುದು. ಆ ಪಟ್ಟಿ ಉದ್ದ ಇರುತ್ತದೆ. ನೌಕರ, ಸ್ವಂತ ಉದ್ಯೋಗ, ವಿದ್ಯಾರ್ಥಿ, ನಿವೃತ್ತ, ಮನೆ ನೋಡಿಕೊಳ್ಳುವವರು, ಕಾಯಿಲೆಯಿಂದ ಕೆಲಸ ಮಾಡಲಾಗದವರು, ಸ್ವಯಂಸೇವಕ, ನಿರುದ್ಯೋಗಿ. ಅವನು "ಮನೆ ನೋಡಿಕೊಳ್ಳುವವರು" ಎಂದು ಹಾಕಿ ನೋಡಿದ. 565 ಪೌಂಡ್ ಬಂತು. ಹೆಚ್ಚು ಕಡಿಮೆ ನೌಕರನ ಬೆಲೆಯೇ.

ಇಲ್ಲಿ ನಾನು ಸ್ವಲ್ಪ ನಿಂತು ಯೋಚಿಸಬೇಕಾಯಿತು. ಅವನು ನಿಜಕ್ಕೂ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ. ಅಡುಗೆ ಮಾಡುತ್ತಿದ್ದ. ಆ ಕೆಲಸವನ್ನು ಕೆಲಸ ಅಲ್ಲ ಎನ್ನಲು ನನಗೆ ಮನಸ್ಸಿಲ್ಲ. ಆದರೆ ಅದೇ ಹೊತ್ತಲ್ಲಿ ದಿನಾ ಅರ್ಜಿ ಹಾಕುತ್ತಿದ್ದ, ಸಂದರ್ಶನಕ್ಕೆ ಹೋಗುತ್ತಿದ್ದ, ನಿರುದ್ಯೋಗಿಗಳಿಗೆ ಸರ್ಕಾರ ಕೊಡುವ ಭತ್ಯೆಗೂ ಅರ್ಜಿ ಕೊಟ್ಟಿದ್ದ. ಒಂದು ಕಡೆ ಕೆಲಸ ಹುಡುಕುತ್ತಿದ್ದೇನೆ ಎಂದು ಸಹಿ ಮಾಡಿ, ಇನ್ನೊಂದು ಕಡೆ ನನಗೆ ಮನೆಯೇ ಕೆಲಸ ಎಂದು ಬರೆದರೆ ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಅವನ ಹೆಂಡತಿಯೇ ಇದನ್ನು ಮೊದಲು ಹೇಳಿದ್ದು. ಕೆಲಸ ಬಿಟ್ಟು ಮನೆ, ಮಕ್ಕಳನ್ನು ನೋಡಿಕೊಳ್ಳಲು ತೀರ್ಮಾನಿಸಿದವರಿಗೆ ಆ ಪದ ಪೂರ್ತಿ ನಿಜ. ಅವರು "ನಿರುದ್ಯೋಗಿ" ಎಂದು ಬರೆದು ಜಾಸ್ತಿ ಕಟ್ಟುತ್ತಿದ್ದರೆ ಅದು ಸುಮ್ಮನೆ ನಷ್ಟ. ನನಗೆ ಗೊತ್ತಿರುವ ಹಲವು ಹೆಣ್ಣುಮಕ್ಕಳು ಗಂಡನ ಜೊತೆ ಈ ದೇಶಕ್ಕೆ ಬಂದು, ಮಗು ನೋಡಿಕೊಳ್ಳುತ್ತಾ ಇದ್ದು, ಅರ್ಜಿಯಲ್ಲಿ "ನಿರುದ್ಯೋಗಿ" ಎಂದು ಬರೆಯುತ್ತಾರೆ. ಸಂಬಳ ಬರದಿದ್ದರೆ ಅದೇ ಪದ ಎಂದುಕೊಂಡಿರುತ್ತಾರೆ. ದಯವಿಟ್ಟು ಆ ಪಟ್ಟಿಯನ್ನು ಕೆಳಗಿನವರೆಗೂ ಓದಿ.

ಮೂರನೆಯದು, "ಸ್ವಂತ ಉದ್ಯೋಗ, ಐಟಿ ಸಲಹೆಗಾರ" ಎಂದು ಹಾಕುವುದು. ಒಬ್ಬ ಸಹೋದ್ಯೋಗಿ ಕೊಟ್ಟ ಸಲಹೆ. ಒಂದು ಕಾಂಟ್ರಾಕ್ಟ್ ಇಲ್ಲ, ಒಂದು ಬಿಲ್ ಕಳಿಸಿಲ್ಲ, ಇದು ಬರೀ ಸುಳ್ಳು. ಗೆಳೆಯನೇ ತಳ್ಳಿಹಾಕಿದ.

ಸುಳ್ಳಿನ ಲೆಕ್ಕ

ತಪ್ಪು ವಿವರದ ಮೇಲೆ ಪಾಲಿಸಿ ಇದ್ದಾಗ ಕ್ಲೇಮ್ ಬಂದರೆ ಏನಾಗುತ್ತದೆ ಎಂದು ಅವನು ಕೇಳಿದ. 2012ರ ಕಾಯ್ದೆ ಇದನ್ನು ಎರಡು ಬಗೆಯಾಗಿ ನೋಡುತ್ತದೆ. ಬೇಕಂತಲೇ ಅಥವಾ ನಿಜವೋ ಸುಳ್ಳೋ ನನಗೇನು ಎಂಬಂತೆ ಹೇಳಿದ್ದು ಒಂದು. ಅಜಾಗರೂಕತೆಯಿಂದ ಆದದ್ದು ಇನ್ನೊಂದು. ಎರಡರಲ್ಲೂ ಕಂಪನಿ ಮೊದಲು ಒಂದನ್ನು ತೋರಿಸಬೇಕು. ನಿಜ ಗೊತ್ತಿದ್ದರೆ ನಾವು ಪಾಲಿಸಿ ಕೊಡುತ್ತಲೇ ಇರಲಿಲ್ಲ, ಅಥವಾ ಬೇರೆ ಷರತ್ತಿಗೆ, ಬೇರೆ ಬೆಲೆಗೆ ಕೊಡುತ್ತಿದ್ದೆವು ಎಂದು.

ಅಜಾಗರೂಕತೆ ಎಂದು ತೀರ್ಮಾನವಾದರೆ, ಬೆಲೆ ಮಾತ್ರ ಬೇರೆಯಾಗುತ್ತಿತ್ತು ಎಂದಾದರೆ, ಕ್ಲೇಮ್ ಮೊತ್ತವನ್ನು ಅದೇ ಪಾಲಿನಲ್ಲಿ ಕತ್ತರಿಸಬಹುದು. ಗೆಳೆಯನ ಅಂಕಿಯನ್ನೇ ಹಾಕಿ ನೋಡಿದೆವು. ಕಟ್ಟಿದ್ದು 560, ಕಟ್ಟಬೇಕಿದ್ದದ್ದು 675. ಪಾಲು 83 ಶೇಕಡಾ. 9,000 ಪೌಂಡಿನ ಕಾರು ಕಳುವಾದರೆ ಸಿಗುವುದು ಸುಮಾರು 7,470. 115 ಪೌಂಡ್ ಉಳಿಸಲು ಹೋಗಿ 1,530 ಪೌಂಡ್ ಕಳೆದುಕೊಂಡಂತೆ. ಇದು ಹಗುರವಾದ ಶಿಕ್ಷೆ.

ಬೇಕಂತಲೇ ಎಂದು ತೀರ್ಮಾನವಾದರೆ ಪಾಲಿಸಿ ಮೊದಲಿನಿಂದಲೇ ಇರಲಿಲ್ಲ ಎಂದು ಕಂಪನಿ ಹೇಳಬಹುದು. ಕ್ಲೇಮ್ ಪೂರ್ತಿ ಇಲ್ಲ. ಕಟ್ಟಿದ ಪ್ರೀಮಿಯಂ ಸಾಮಾನ್ಯವಾಗಿ ವಾಪಸ್ ಇಲ್ಲ. ಎದುರಿನವರಿಗೆ ಗಾಯವಾಗಿದ್ದರೆ 1988ರ ರಸ್ತೆ ಸಂಚಾರ ಕಾಯ್ದೆಯ ಪ್ರಕಾರ ಕಂಪನಿಯೇ ಅವರಿಗೆ ಹಣ ಕೊಡಬೇಕಾಗಿ ಬರಬಹುದು, ಆಮೇಲೆ ಅದನ್ನು ಪಾಲಿಸಿದಾರರಿಂದ ವಸೂಲಿಗೆ ಬರಬಹುದು. ಗಾಯದ ಪರಿಹಾರ ಕಾರಿನ ಬೆಲೆಯಷ್ಟೇ ಇರುವುದಿಲ್ಲ, ಲಕ್ಷಗಟ್ಟಲೆ ಪೌಂಡಿಗೂ ಹೋಗಬಹುದು. ಇನ್ನೊಂದು ಪೆಟ್ಟು ಬಹಳ ಕಾಲ ನೋಯಿಸುತ್ತದೆ. "ಯಾವ ವಿಮಾ ಕಂಪನಿಯಾದರೂ ನಿಮ್ಮ ಪಾಲಿಸಿ ರದ್ದು ಮಾಡಿದೆಯೇ?" ಎಂದು ಮುಂದಿನ ಅರ್ಜಿಗಳಲ್ಲಿ ಕೇಳುತ್ತಾರೆ. ಹೌದು ಎಂದವರಿಗೆ ಬಾಗಿಲುಗಳು ಮುಚ್ಚುತ್ತವೆ, ತೆರೆದವು ದುಬಾರಿ.

ಆ ರಾತ್ರಿ ಅವನು ಬೆಲೆ ನೋಡಲೆಂದು ಪದ ಬದಲಿಸಿ ಬದಲಿಸಿ ಐದಾರು ಸಲ ಕೇಳಿದ್ದ. ಇದೂ ಕಂಪನಿಗಳ ಕಣ್ಣಿಗೆ ಬೀಳುತ್ತದೆ. ಒಂದೇ ಹೆಸರು, ಒಂದೇ ಕಾರು, ಅರ್ಧ ಗಂಟೆಯಲ್ಲಿ ನಾಲ್ಕು ಬೇರೆ ಕೆಲಸ ಎಂದಾಗ ಅನುಮಾನ ಬರುವುದು ಸಹಜ. ಎರಡು ನಿಜವಾದ ಪದಗಳ ನಡುವೆ ಹೋಲಿಸುವುದು ತಪ್ಪಲ್ಲ. ಇಂಜಿನಿಯರ್ ಅನ್ನಬೇಕೋ ಟೆಸ್ಟರ್ ಅನ್ನಬೇಕೋ, ಅಡುಗೆಯವ ಅನ್ನಬೇಕೋ ಕ್ಯಾಟರಿಂಗ್ ನೌಕರ ಅನ್ನಬೇಕೋ ಎಂಬಂಥದ್ದು. ಎರಡೂ ನಮ್ಮ ಕೆಲಸಕ್ಕೆ ಒಪ್ಪುವಂತಿದ್ದರೆ ಅಗ್ಗದ್ದನ್ನು ಆರಿಸಬಹುದು.

ನಾವು ಬರೆಸಿದ್ದು

ಮರುದಿನ ಬೆಳಿಗ್ಗೆ ಕಂಪನಿಗೆ ಫೋನ್ ಮಾಡಿದ. ನಾನು ಪಕ್ಕದಲ್ಲಿದ್ದೆ. ಮೊದಲು ಕೇಳಿದ್ದು: ನಿಮ್ಮಲ್ಲಿ "ನಿರುದ್ಯೋಗಿ" ಎಂದರೆ ಯಾರು, "ಮನೆ ನೋಡಿಕೊಳ್ಳುವವರು" ಎಂದರೆ ಯಾರು? ಆ ಕಡೆಯ ಹುಡುಗಿ ತಾಳ್ಮೆಯಿಂದ ಹೇಳಿದಳು. ಕೆಲಸ ಹುಡುಕುತ್ತಿದ್ದರೆ ಮೊದಲನೆಯದು. ಅಲ್ಲಿಗೆ ಆ ಮಾತು ಮುಗಿಯಿತು. ತಾರೀಖು, ಸಮಯ ಬರೆದಿಟ್ಟುಕೊಂಡೆವು.

ಆಮೇಲೆ ಕಾರಿನ ಹೊಸ ದಿನಚರಿ ಹೇಳಿದೆವು. ಹೆಚ್ಚು ಓಡಿಸುವವರು ಹೆಂಡತಿ. ಆಸ್ಪತ್ರೆಗೆ ಹೋಗಿ ಬರುವುದರಿಂದ ಕೆಲಸಕ್ಕೆ ಪ್ರಯಾಣ ಎಂಬ ಬಳಕೆ ಇರಲೇಬೇಕು, ಅದು ಈಗ ಅವಳ ಹೆಸರಿಗೆ. 7,000 ಮೈಲಿ. ಗಂಡ ನಿರುದ್ಯೋಗಿ, ವಾರಾಂತ್ಯದ ಚಾಲಕ.

ಇಲ್ಲಿ ಒಂದು ಗಂಟು ಬಂತು. ನೋ ಕ್ಲೇಮ್ ಬೋನಸ್ ಸೇರುವುದು ಪಾಲಿಸಿದಾರರಿಗೆ. ಅವನ ಒಂಬತ್ತು ವರ್ಷದ ಬೋನಸ್ ಸಾಮಾನ್ಯವಾಗಿ ಹೆಂಡತಿಗೆ ಹೋಗುವುದಿಲ್ಲ. ಪಾಲಿಸಿಯನ್ನು ಅವಳ ಹೆಸರಿಗೆ ಮಾಡಿದರೆ ಬೋನಸ್ ಸೊನ್ನೆಯಿಂದ ಶುರು, ಬೆಲೆ ಹಾರಿಬಿಡುತ್ತಿತ್ತು. ಅವನ ಹೆಸರಲ್ಲೇ ಇಟ್ಟು, ಮುಖ್ಯ ಚಾಲಕಿ ಹೆಂಡತಿ ಎಂದು ಬಾಯಿಬಿಟ್ಟು ಹೇಳಿದರೆ? ಕೆಲವು ಕಂಪನಿಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಇವರು ಒಪ್ಪಿದರು. ಈ ಮಾತನ್ನು ಮುಚ್ಚಿಟ್ಟು, ಅವನೇ ಹೆಚ್ಚು ಓಡಿಸುತ್ತಾನೆ ಎಂದು ಬರೆದಿದ್ದರೆ ಅದಕ್ಕೆ ಇಲ್ಲಿ ಫ್ರಂಟಿಂಗ್ ಎನ್ನುತ್ತಾರೆ. ಮಕ್ಕಳ ಕಾರನ್ನು ಅಪ್ಪನ ಹೆಸರಲ್ಲಿ ಮಾಡಿಸುವವರು ಸಿಕ್ಕಿಬೀಳುವುದು ಇದರಲ್ಲೇ. ಅದು ವಂಚನೆ.

ಬಂದ ಬೆಲೆ 590 ಪೌಂಡ್. ನೌಕರನಾಗಿದ್ದಾಗಿನ 560ಕ್ಕಿಂತ 30 ಜಾಸ್ತಿ. ಒಂದೇ ಪದ ಬದಲಿಸಿದ್ದಾಗಿನ 675ಕ್ಕಿಂತ 85 ಕಡಿಮೆ. ಬೇರೆ ನಾಲ್ಕು ಕಂಪನಿಗಳಲ್ಲಿ ಅದೇ ವಿವರ ಕೊಟ್ಟು ನೋಡಿದೆವು. ಒಂದರಲ್ಲಿ 575, ಒಂದರಲ್ಲಿ 720, ಉಳಿದವು ನಡುವೆ. ಒಂದೇ ಸತ್ಯಕ್ಕೆ 145 ಪೌಂಡಿನ ಅಂತರ. ಪ್ರತಿ ಕಂಪನಿಯ ಕ್ಲೇಮ್ ರಾಶಿ ಬೇರೆ, ಗುಣಕ ಬೇರೆ, ಯಾವ ಗ್ರಾಹಕರು ಬೇಕು ಎಂಬ ಆಸೆಯೂ ಬೇರೆ. 575ರ ಪಾಲಿಸಿಯಲ್ಲಿ ಕ್ಲೇಮ್ ಬಂದಾಗ ನಾವೇ ಹೊರಬೇಕಾದ ಮೊದಲ ಪಾಲು 200 ಪೌಂಡ್ ಜಾಸ್ತಿ ಇತ್ತು. 590ನ್ನೇ ತೆಗೆದುಕೊಂಡ.

ತಿಂಗಳ ಕಂತು ಬೇಡ ಎಂದು ನಾನು ಒತ್ತಿ ಹೇಳಿದೆ. ಕಂತು ಎಂದರೆ ಇಲ್ಲಿ ಸಾಮಾನ್ಯವಾಗಿ ಸಾಲ, ಬಡ್ಡಿ ಸೇರುತ್ತದೆ. ಕೆಲಸ ಇಲ್ಲದವರಿಗೆ ಸಾಲದ ಪರೀಕ್ಷೆಯಲ್ಲಿ ತೊಡಕೂ ಆಗಬಹುದು. ಕೆಲಸದಿಂದ ತೆಗೆದಾಗ ಬರುವ ಪರಿಹಾರದಲ್ಲಿ ಮೊದಲ 30,000 ಪೌಂಡಿಗೆ ಆದಾಯ ತೆರಿಗೆ ಇಲ್ಲ. ಅವನಿಗೆ ಅದರಲ್ಲಿ ಸ್ವಲ್ಪ ಉಳಿದಿತ್ತು. ಒಟ್ಟಿಗೆ ಕಟ್ಟಿದ. ಹಾಗೆ ಉಳಿದಿಲ್ಲದವರು ಬಡ್ಡಿಯನ್ನೂ ಹೊರಬೇಕು. ಕೆಲಸ ಹೋದವರ ಮೇಲೆ ಎರಡನೇ ಸಲ ಬೀಳುವ ಭಾರ ಇದು.

ಇದು ನ್ಯಾಯವೇ?

ಗೆಳೆಯನ ಹೆಂಡತಿ ಕೇಳಿದ ಪ್ರಶ್ನೆ ಇದು. ಹೆಣ್ಣು ಗಂಡು ಎಂದು ಬೆಲೆ ಬೇರೆ ಮಾಡುವುದನ್ನು ನಿಲ್ಲಿಸಿಲ್ಲವೇ, ಹಾಗಿದ್ದಮೇಲೆ ಕೆಲಸ ಇಲ್ಲ ಎಂದು ಬೆಲೆ ಏರಿಸಲು ಹೇಗೆ ಬಿಡುತ್ತಾರೆ ಎಂದಳು. ಅವಳು ಹೇಳಿದ್ದು ಸರಿ. ಯುರೋಪಿನ ನ್ಯಾಯಾಲಯ 2011ರ ಮಾರ್ಚ್ 1ರಂದು ಟೆಸ್ಟ್ ಆಶಾ ಎಂಬ ಬೆಲ್ಜಿಯಂನ ಗ್ರಾಹಕ ಸಂಘದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. 2012ರ ಡಿಸೆಂಬರ್ 21ರಿಂದ ಹೊಸ ಪಾಲಿಸಿಗಳಲ್ಲಿ ಲಿಂಗ ನೋಡಿ ಬೆಲೆ ಕಟ್ಟುವಂತಿಲ್ಲ. ಆದರೆ ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ ರಕ್ಷಣೆ ಕೊಡುವ, ವಯಸ್ಸು, ಲಿಂಗ, ಜನಾಂಗದಂಥ ಒಂಬತ್ತು ಗುಣಗಳಲ್ಲಿ ಕೆಲಸ ಸೇರಿಲ್ಲ. ಹಾಗಾಗಿ ಕೆಲಸ ನೋಡಿ ಬೆಲೆ ಕಟ್ಟುವುದು ಕಾನೂನಿಗೆ ವಿರುದ್ಧ ಅಲ್ಲ. ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ. ಕೆಲವು ಕೆಲಸಗಳಲ್ಲಿ ಗಂಡಸರೇ ಜಾಸ್ತಿ, ಕೆಲವದರಲ್ಲಿ ಹೆಂಗಸರೇ ಜಾಸ್ತಿ. ಮುಂಬಾಗಿಲಲ್ಲಿ ತಡೆದದ್ದು ಕೆಲಸದ ಕಾಲಂ ಎಂಬ ಹಿಂಬಾಗಿಲಿನಿಂದ ಒಳಗೆ ಬರಲು ಜಾಗ ಇದೆ.

ಕೆಲಸ ನೋಡಿ ಗ್ರಾಹಕರನ್ನು ಆರಿಸುವುದು ಹೊಸದೇನಲ್ಲ. ಅಮೆರಿಕದ ಗೈಕೋ ವಿಮಾ ಕಂಪನಿ 1936ರಲ್ಲಿ ಹುಟ್ಟಿದ್ದೇ ಸರ್ಕಾರಿ ನೌಕರರಿಗಾಗಿ. ಅವರು ಎಚ್ಚರದಿಂದ ಓಡಿಸುತ್ತಾರೆ, ಕಂತು ತಪ್ಪಿಸುವುದಿಲ್ಲ ಎಂಬ ನಂಬಿಕೆಯ ಮೇಲೆ ಲಿಯೋ ಗುಡ್ವಿನ್ ಅದನ್ನು ಕಟ್ಟಿದ. ಅದೇ ದೇಶದ ಕ್ಯಾಲಿಫೋರ್ನಿಯಾದಲ್ಲಿ 1988ರಲ್ಲಿ ಜನರೇ ಮತ ಹಾಕಿ 103ನೇ ಪ್ರಸ್ತಾವವನ್ನು ಗೆಲ್ಲಿಸಿದರು. ಅಲ್ಲಿ ಬೆಲೆಗೆ ಮೊದಲು ನೋಡಬೇಕಾದದ್ದು ಚಾಲಕರ ದಾಖಲೆ, ಆಮೇಲೆ ಮೈಲಿ, ಆಮೇಲೆ ಓಡಿಸಿದ ವರ್ಷಗಳು. ನನ್ನ ಮನಸ್ಸು ಈ ಕಡೆಗೇ ವಾಲುತ್ತದೆ. ಒಂಬತ್ತು ವರ್ಷ ಒಂದು ಕ್ಲೇಮ್ ಮಾಡದವನ ಬಗ್ಗೆ ಅವನ ಕೈಯೇ ಹೇಳಿದ ಸಾಕ್ಷಿ ಇರುವಾಗ, ಕೆಲಸದ ಕಾಲಂನ ಊಹೆ ಏಕೆ ಬೇಕು? ಅದರಲ್ಲೂ ಇದು ಇಷ್ಟವಿದ್ದರೆ ಕೊಳ್ಳುವ ವಸ್ತು ಅಲ್ಲ. ಬ್ರಿಟನ್ನಿನಲ್ಲಿ 1930ರ ಕಾಯ್ದೆ ಬಂದಾಗಿನಿಂದ ಎದುರಿನವರಿಗೆ ಆಗುವ ಗಾಯಕ್ಕೆ ವಿಮೆ ಕಡ್ಡಾಯ. ಕಾನೂನು ಕೊಳ್ಳಲೇಬೇಕು ಎಂದ ವಸ್ತುವಿಗೆ, ಸಂಬಳ ನಿಂತ ಮನೆಯಿಂದ ಜಾಸ್ತಿ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಬ್ರಿಟನ್ನಿನ ಹಣಕಾಸು ನಿಯಂತ್ರಕರು 2022ರ ಜನವರಿ 1ರಿಂದ ಒಂದು ಒಳ್ಳೆಯ ನಿಯಮ ತಂದಿದ್ದಾರೆ. ನವೀಕರಿಸುವ ಹಳೆಯ ಗ್ರಾಹಕರಿಗೆ, ಅದೇ ದಾರಿಯಲ್ಲಿ ಬರುವ ಅಂಥದ್ದೇ ಹೊಸ ಗ್ರಾಹಕರಿಗಿಂತ ಜಾಸ್ತಿ ಬೆಲೆ ಹೇಳುವಂತಿಲ್ಲ. ಅದು ನಿಷ್ಠೆಗೆ ಹಾಕುತ್ತಿದ್ದ ದಂಡವನ್ನು ತೆಗೆಯಿತು. ನಿರುದ್ಯೋಗಕ್ಕೆ ಹಾಕುವ ದಂಡ ಹಾಗೇ ಉಳಿದಿದೆ.

ಜೂನ್‌ನಲ್ಲಿ ಬಂದ ತಿರುವು

ಮೂರು ತಿಂಗಳಾದರೂ ಕೆಲಸ ಸಿಗಲಿಲ್ಲ. ಸಂಜೆ ಹೊತ್ತು ಕಾರಿನಲ್ಲಿ ಪಾರ್ಸೆಲ್ ಹಂಚುವ ಕೆಲಸ ಶುರುಮಾಡುತ್ತೇನೆ ಎಂದ. ನಾನು ಗಾಬರಿಯಿಂದಲೇ ತಡೆದೆ. ಬಾಡಿಗೆಗೆ, ಕೂಲಿಗೆ ಸಾಮಾನು ಸಾಗಿಸುವುದು ಬೇರೆಯೇ ಬಳಕೆ. ಮನೆ ಬಳಕೆಯ ಪಾಲಿಸಿಯಲ್ಲೂ, ಕೆಲಸಕ್ಕೆ ಹೋಗಿಬರುವ ಪಾಲಿಸಿಯಲ್ಲೂ ಅದು ಸೇರುವುದಿಲ್ಲ. ಆಫೀಸಿನ ಕೆಲಸಕ್ಕೆ ಊರೂರು ಓಡಾಡುವವರ ಪಾಲಿಸಿಯಲ್ಲೂ ಸಾಮಾನ್ಯವಾಗಿ ಸೇರುವುದಿಲ್ಲ. ಪಾರ್ಸೆಲ್ ಹಿಂದೆ ಇಟ್ಟು ಹೊರಟ ಗಳಿಗೆಯಿಂದ ಅವನು ವಿಮೆ ಇಲ್ಲದೆ ಓಡಿಸಿದಂತೆ. ಸಿಕ್ಕರೆ 300 ಪೌಂಡ್ ದಂಡ, ಲೈಸೆನ್ಸಿಗೆ 6 ಅಂಕ. ಕೋರ್ಟಿಗೆ ಹೋದರೆ ದಂಡಕ್ಕೆ ಮಿತಿಯೇ ಇಲ್ಲ, ಲೈಸೆನ್ಸ್ ಹೋಗಬಹುದು, ಪೊಲೀಸರು ಕಾರನ್ನೇ ಎತ್ತಿಕೊಂಡು ಹೋಗಬಹುದು. ಕೆಲಸದ ಕಾಲಂನಲ್ಲಿ ಏನು ಬರೆಯಬೇಕೆಂದು ತಿಂಗಳುಗಟ್ಟಲೆ ಯೋಚಿಸಿದವರು, ಬಳಕೆಯ ಕಾಲಂ ಮರೆತು ಇಲ್ಲಿ ಬೀಳುತ್ತಾರೆ. ನಾನು ಕಂಡ ಪ್ರಕರಣಗಳಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಇದು. ಏಕೆಂದರೆ ಹೀಗೆ ಮಾಡುವವರು ಕಷ್ಟಪಟ್ಟು ದುಡಿಯಲು ಹೊರಟವರೇ.

ಅವನ ಕಂಪನಿ ಆ ಬಳಕೆ ಸೇರಿಸಲು ಒಪ್ಪಲಿಲ್ಲ. ಓಡಿಸಿದ ಗಂಟೆಗೆ ಇಷ್ಟು ಎಂದು ಹಂಚಿಕೆಯವರಿಗೆ ವಿಮೆ ಕೊಡುವ ಬೇರೆ ಕಂಪನಿ ಸಿಕ್ಕಿತು. ಮೊದಲ ಕಂಪನಿಗೆ ತಿಳಿಸಿ, ಅವರ ಅಡ್ಡಿ ಇಲ್ಲ ಎಂದು ಬರಹದಲ್ಲಿ ಪಡೆದು, ಅದನ್ನು ಮೇಲೆ ಸೇರಿಸಿಕೊಂಡ. ಅವನ ಕೆಲಸದ ಕಾಲಂ ಕೂಡ ಬದಲಾಯಿತು, ಅರೆಕಾಲಿಕ ಸ್ವಂತ ಉದ್ಯೋಗ, ಪಾರ್ಸೆಲ್ ಹಂಚಿಕೆ ಎಂದು. ವಿಮೆ, ಪೆಟ್ರೋಲು ಕಳೆದು ಉಳಿಯುವ ಲೆಕ್ಕ ಹಾಕಿದಾಗ ಕೈಗೆ ಬರುತ್ತಿದ್ದದ್ದು ಬಹಳ ಕಡಿಮೆ. ಆರು ವಾರ ಮಾಡಿ ಬಿಟ್ಟ.

ಆಗಸ್ಟಿನಲ್ಲಿ ಕೆಲಸ ಸಿಕ್ಕಿತು. ವಾರಕ್ಕೆ ಎರಡು ದಿನ ರೈಲಿನಲ್ಲಿ ಲಂಡನ್‌ಗೆ, ಉಳಿದ ದಿನ ಮನೆಯಿಂದ. ಕಾರು ಹೆಂಡತಿಯ ಬಳಿಯೇ ಉಳಿಯಿತು. ಅವನು ಕಂಪನಿಗೆ ಫೋನ್ ಮಾಡಿ "ನೌಕರ" ಎಂದು ಬರೆಸಿದ. ಉಳಿದ ಏಳು ತಿಂಗಳಿಗೆ 25 ಪೌಂಡ್ ವಾಪಸ್ ಲೆಕ್ಕವಾಯಿತು, ಅದರಲ್ಲಿ ಬದಲಾವಣೆಯ ಶುಲ್ಕ ಎಂದು 20 ಹಿಡಿದುಕೊಂಡರು. ಆ ಶುಲ್ಕ ಪಾಲಿಸಿಯ ಷರತ್ತಿನಲ್ಲಿ ಮೊದಲೇ ಇತ್ತು. ಇಲ್ಲದೆ ಹಿಡಿದಿದ್ದರೆ ಕಂಪನಿಗೆ ದೂರು ಕೊಟ್ಟು, ಎಂಟು ವಾರದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಹಣಕಾಸು ಒಂಬುಡ್ಸ್‌ಮನ್ ಬಳಿ ಹೋಗಬಹುದಿತ್ತು. ಅದಕ್ಕೆ ಖರ್ಚಿಲ್ಲ.

ಹೆಂಡತಿ ಈಗ ಬೇರೆ ಲೆಕ್ಕ ಹಾಕುತ್ತಿದ್ದಾಳೆ. ಹೆಚ್ಚು ಓಡಿಸುವುದು ತಾನು, ಬೋನಸ್ ಮಾತ್ರ ಗಂಡನ ಹೆಸರಲ್ಲಿ ಬೆಳೆಯುತ್ತಿದೆ. ಎರಡನೇ ಚಾಲಕರಾಗಿ ಕ್ಲೇಮ್ ಇಲ್ಲದೆ ಕಳೆದ ವರ್ಷಗಳನ್ನೂ ಕೆಲವು ಕಂಪನಿಗಳು ಲೆಕ್ಕಕ್ಕೆ ಹಿಡಿಯುತ್ತವೆ. ಅಂಥ ಕಂಪನಿಗಳ ಪಟ್ಟಿ ಮಾಡಿಕೊಂಡಿದ್ದಾಳೆ. ಮುಂದಿನ ನವೀಕರಣಕ್ಕೆ ಮೂರು ನಾಲ್ಕು ವಾರ ಮುಂಚೆಯೇ ಬೆಲೆ ಕೇಳಬೇಕೆಂದು ಫೋನಿನಲ್ಲಿ ಮಾರ್ಚ್ 3ಕ್ಕೆ ಗುರುತು ಹಾಕಿದ್ದಾಳೆ.